ನಾಲ್ಕು ಬೆರಳಿನ ಸಡಿಲ

ಬೆಳಂಬಾರದ ಕಡಲ ಕೇರಿಯಲ್ಲಿ ಮೀನು ಮಾರುವ ದೇವಿಯ ಕೈಯಿಂದ ಉಡದಾರ ಕಟ್ಟಿಸಿಕೊಳ್ಳದ ಗಂಡಸು ಇಲ್ಲವೆಂದರೆ ಅದು ಬರೀ ಬಾಯಿಮಾತಲ್ಲ. ನೂಲ ಹುಣ್ಣಿಮೆಯ ಬೆಳಿಗ್ಗೆ, ಸಮುದ್ರಕ್ಕೆ ತೆಂಗಿನಕಾಯಿ ಬಿಡುವ ಮೊದಲು, ಹುಡುಗರಿಂದ ಹಿಡಿದು ಮಕ್ಕಳೊಂದಿಗರವರೆಗೆ ಎಲ್ಲರೂ ಅಂಗಿ ಮೇಲೆತ್ತಿಕೊಂಡು ಅವಳ ಜಗಲಿಯ ಮುಂದೆ ನಿಲ್ಲುತ್ತಿದ್ದರು. ಅದಕ್ಕೆಂದು ವಾರದ ಮೊದಲೇ ಅವಳು ಕಪ್ಪು ನೂಲನ್ನು ತೊಡೆಯ ಮೇಲೆ ಹೊಸೆದು ಉಂಡೆ ಮಾಡಿ ಇಟ್ಟಿರುತ್ತಿದ್ದಳು. ಹೊಸ ದಾರ ಕಟ್ಟಿದ ಮೇಲೆಯೇ ಹಳೆಯದನ್ನು ಬಿಚ್ಚಬೇಕು. ಬದುಕಿರುವ ಗಂಡಸಿನ ನಡು ಒಂದು ಗಳಿಗೆಯೂ ಬರಿದಾಗಿರಬಾರದು, ಉಡದಾರವಿಲ್ಲದ ನಡು ಹೆಣದ್ದು ಎಂದು ಆ ಕೇರಿಯವರ ನಂಬಿಕೆ. ದೇವಿಯದು ಇನ್ನೂ ಒಂದು ಕ್ರಮವಿತ್ತು. ಹೊಟ್ಟೆಯ ಸುತ್ತ ತಂದ ದಾರಕ್ಕೆ ತನ್ನ ನಾಲ್ಕು ಬೆರಳಿನಷ್ಟು ಸಡಿಲ ಬಿಟ್ಟು ಗಂಟು ಹಾಕುತ್ತಿದ್ದಳು. ಬರುವ ವರ್ಷ ಈ ಮೈ ಇಷ್ಟು ತುಂಬಿಕೊಳ್ಳಲಿ ಎಂಬ ಹಾರೈಕೆ ಅದು.

ಮರುವರ್ಷ ಬಂದಾಗ ಆ ಸಡಿಲ ಹಾಗೇ ಉಳಿದಿದ್ದರೆ ಗಂಡಸು ಬಚಾವು, ಅವನ ಹೆಂಡತಿಗೆ ಬೈಗುಳ ತಪ್ಪಿದ್ದಲ್ಲ. ಏನು ಬೇಯಿಸಿ ಹಾಕುತ್ತೀಯೇ, ಗಾಳಿಯೇ ಎಂದು ಎಲ್ಲರೆದುರಿಗೇ ಕೇಳುತ್ತಿದ್ದಳು. ದಾರ ಹೊಟ್ಟೆಗೆ ಕಚ್ಚಿಕೊಂಡು ಕೂತಿದ್ದರೆ ಮಾತ್ರ ಅವಳ ಮುಖ ಅರಳುತ್ತಿತ್ತು. ಬೆಳಗ್ಗೆಯಿಂದ ಸಂಜೆಯವರೆಗೆ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಅಂಕೋಲೆ ಪೇಟೆ ಸುತ್ತುವ ಹೆಂಗಸಿಗೆ ಇಷ್ಟೊಂದು ದರ್ಬಾರು ವರ್ಷಕ್ಕೆ ಒಂದು ದಿನವಾದರೂ ಬೇಡವೇ?

ಹೊಟ್ಟೆಯ ವಿಷಯದಲ್ಲಿ ಅವಳಿಗೆ ಇಷ್ಟು ಹಟ ಇದ್ದದ್ದಕ್ಕೆ ಕಾರಣವಿತ್ತು. ಗಂಡ ಜಟ್ಟಿ ಒಂದು ಗಾಳಿಮಳೆಯಲ್ಲಿ ದೋಣಿಯ ಜೊತೆಗೇ ಹೋದ. ಇಬ್ಬರು ಗಂಡುಮಕ್ಕಳೂ ಆಗ ಇನ್ನೂ ಚಿಕ್ಕವರಿದ್ದರು. ಕಿರಿಯವ ಹುಲಿಯಾ ಏನು ಹಾಕಿದರೂ ತಿಂದು ಎದ್ದುಹೋಗುವ ಪ್ರಾಣಿ. ಹಿರಿಯವ ಜಗದೀಶನದು ಹಾಗಲ್ಲ, ಅವನ ಹಸಿವಿಗೆ ತಳವಿರಲಿಲ್ಲ. ಉಂಡ ತಟ್ಟೆಯನ್ನು ಎರಡೂ ಕೈಯಲ್ಲಿ ಮುಂದೆ ನೂಕಿ, "ಆಯೀ, ಇನ್ನೊಂದ್ ಚೂರು," ಎನ್ನುತ್ತಿದ್ದ. ಗಂಜಿಯಲ್ಲಿ ಅಗುಳು ಹುಡುಕಬೇಕಾದ ದಿನಗಳವು. ಅಂಥ ದಿನ ತಾನು ದಾರಿಯಲ್ಲೇ ಉಂಡು ಬಂದೆ ಎಂದು ಸುಳ್ಳು ಹೇಳಿ ತನ್ನ ಪಾಲನ್ನೂ ಅವನಿಗೇ ಬಡಿಸುತ್ತಿದ್ದಳು. ಮುಂದೆ ಜಗದೀಶ ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲರ್ ಬೋಟು ಹತ್ತಿ ನಾಲ್ಕು ಕಾಸು ತರತೊಡಗಿದಾಗ ಅವಳಿಗೆ ಸ್ವರ್ಗವೇ ಸಿಕ್ಕಿದಂತಾಯಿತು. ಇನ್ನು ಮಗ ಕೇಳಿದಷ್ಟು ಹಾಕಬಹುದು.

ಹಾಕಿದಳು ಕೂಡ. ಮಳೆಗಾಲದಲ್ಲಿ ಬೋಟುಗಳೆಲ್ಲ ದಡ ಹತ್ತಿ, ಗಂಡಸರು ಮನೆಯಲ್ಲಿ ಕೂತಾಗ ದೇವಿಯ ಒಲೆ ಆರುತ್ತಲೇ ಇರಲಿಲ್ಲ. ಕರಿದ ಬಂಗಡೆ, ಒಣ ಶೆಟ್ಲಿ ಸಿಗಡಿಯ ಚಟ್ನಿ, ತೆಂಗಿನಹಾಲು ಹಿಂಡಿದ ಪಾಯಸ, ವಡೆ, ಗುಡ್ಡದಂತೆ ಕುಚ್ಚಲಕ್ಕಿ ಅನ್ನ. ಅವಳ ಮಾವನ ಕಾಲದಲ್ಲಿ ದಡದಿಂದ ಬಲೆಯನ್ನು ಕೈಯಿಂದಲೇ ಎಳೆಯುತ್ತಿದ್ದರು, ತಿಂದದ್ದು ತೋಳಿಗೆ ಹೋಗುತ್ತಿತ್ತು. ಜಗದೀಶನ ಬೋಟಿನಲ್ಲಿ ಬಲೆ ಎಳೆಯುವುದು ವಿಂಚಿನ ಯಂತ್ರ. ಕೈಕಾಲು ಸಪೂರವಾಗಿಯೇ ಉಳಿದು ತಿಂದದ್ದೆಲ್ಲ ನಡುವಿಗೆ ಹೋಯಿತು. ದೇವಿ ವರ್ಷವರ್ಷವೂ ನಾಲ್ಕು ಬೆರಳು ಬಿಟ್ಟು ಕಟ್ಟಿದಳು, ಜಗದೀಶ ವರ್ಷವರ್ಷವೂ ತುಂಬಿಸಿಕೊಂಡು ಬಂದ.

ಇಪ್ಪತ್ತೇಳನೇ ವಯಸ್ಸಿನಲ್ಲಿ, ಹೆಣ್ಣು ನೋಡುವ ಮಾತು ನಡೆದಿದ್ದಾಗ, ಅವನು ಬೋಟಿನ ಮೇಲೆ ಎದೆ ಹಿಡಿದುಕೊಂಡು ಕೂತ. ವಾಯು ಇರಬೇಕೆಂದು ಜೊತೆಯವರು ಸೋಡಾ ಕುಡಿಸಿದರು. ಬೈತಖೋಲ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕೇರಿಯವರು ಒಬ್ಬೊಬ್ಬರು ಒಂದೊಂದು ಹೇಳಿದರು. ಕಡಲು ಮುನಿಯಿತು ಎಂದರು, ದೃಷ್ಟಿಯಾಯಿತು ಎಂದರು. ಅಷ್ಟು ಚೆನ್ನಾಗಿ ಉಂಡುಟ್ಟ ಮೈಗೆ ಹೀಗಾಯಿತಲ್ಲ ಎಂದು ಬಂದವರೆಲ್ಲ ಮರುಗಿದರು. ದೇವಿಗೆ ಆ ಮಾತೊಂದೇ ಸಮಾಧಾನ. ತನ್ನ ಮಗ ಹಸಿದು ಹೋಗಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವಳು ನಗಲಿಲ್ಲವೆಂದಲ್ಲ. ಹುಲಿಯಾನಿಗೆ ಮದುವೆ ಮಾಡಿ ಬೇಲೆಕೇರಿಯಿಂದ ನಾಗುವನ್ನು ಸೊಸೆಯಾಗಿ ತಂದಳು, ಪೇಟೆಯಲ್ಲಿ ಜಗಳವಾಡಿ ತನ್ನ ಜಾಗ ಉಳಿಸಿಕೊಂಡಳು. ಆದರೆ ಊಟದ ಹೊತ್ತು ಬಂತೆಂದರೆ ಅವಳ ಕಿವಿ ಬೇರೆ ಕಡೆ ಇರುತ್ತಿತ್ತು. ತಟ್ಟೆ ನೆಲಕ್ಕೆ ಉಜ್ಜಿಕೊಂಡು ಮುಂದೆ ಬರುವ ಆ ಸದ್ದು, ಅದರ ಹಿಂದಿನ ಆ ದನಿ. ಒಂದೇ ಒಂದು ಸಲ ಕೇಳಿಸಿದರೆ ಸಾಕಿತ್ತು. ದಿನವೂ ಮೂವರಿಗೆ ಬೇಕಾದ್ದಕ್ಕಿಂತ ಒಬ್ಬರ ಪಾಲು ಹೆಚ್ಚಿಗೆ ಅಕ್ಕಿ ಹಾಕುತ್ತಿದ್ದಳು. ಉಳಿದದ್ದನ್ನು ಹುಲಿಯಾನ ತಟ್ಟೆಗೆ ಸುರಿಯುತ್ತಿದ್ದಳು. ಅವನಿಗೆ ಬೇಡವೆನ್ನಲು ಬರುತ್ತಿರಲಿಲ್ಲ.

ಎರಡು ಸಾವಿರದ ಆರನೇ ಇಸವಿಯ ಮಳೆಗಾಲದಲ್ಲಿ ಕೇರಿಯ ಶಾಲೆಯಲ್ಲಿ ಆರೋಗ್ಯ ಶಿಬಿರವೊಂದು ನಡೆಯಿತು. ಮೂವತ್ತೈದರ ಒಳಗಿನ ಗಂಡಸರನ್ನೆಲ್ಲ ಕರೆದರು. ಕಾರವಾರದಿಂದ ಬಂದ ಲತಾ ಎಂಬ ನರ್ಸಬಾಯಿ ಎತ್ತರ, ತೂಕ ನೋಡಿ, ಆಮೇಲೆ ಟೇಪು ಹಿಡಿದು ಹೊಟ್ಟೆಯ ಸುತ್ತ ಅಳೆಯತೊಡಗಿದಳು. ನಮ್ಮ ಗಂಡುಗಲಿಗಳು ಟೇಪು ಕಂಡ ಕೂಡಲೇ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡರು. ಲತಾ ಅದಕ್ಕೂ ತಯಾರಾಗಿ ಬಂದವಳು. ಒಬ್ಬೊಬ್ಬರಿಗೂ ಹೆಂಡತಿಯ ಹೆಸರು ಹೇಳಿ ಎನ್ನುತ್ತಿದ್ದಳು, ಅವರು ನಾಚಿ ಬಾಯಿ ಬಿಟ್ಟ ಕೂಡಲೇ ಹೊಟ್ಟೆ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಕಿಟಕಿಯಲ್ಲಿ ನಿಂತ ಹೆಂಗಸರಿಗೆ ನಕ್ಕೂ ನಕ್ಕೂ ಸಾಕಾಯಿತು. ದೇವಿಯೂ ನಕ್ಕಳು.

ಅಳತೆ ಮುಗಿಸಿ ಲತಾ ಎಲ್ಲರಿಗೂ ತಿಳಿಯುವಂತೆ ಹೇಳಿದಳು. ತೂಕ ಮಾತ್ರ ನೋಡಿದರೆ ಮೋಸ ಹೋಗುತ್ತೇವೆ, ಕೈಕಾಲು ಸಣ್ಣಗಿದ್ದವರಿಗೂ ನಡುವಿನ ಬೊಜ್ಜು ಇರುತ್ತದೆ. ಒಂದು ದಾರದಿಂದ ನಿಮ್ಮ ಎತ್ತರ ಅಳೆದುಕೊಳ್ಳಿ, ಅದನ್ನು ಸರಿಯಾಗಿ ಅರ್ಧಕ್ಕೆ ಮಡಚಿ ಹೊಟ್ಟೆಗೆ ಸುತ್ತಿ. ತುದಿಗೆ ತುದಿ ಮುಟ್ಟಿದರೆ ಒಳ್ಳೆಯದು. ಮುಟ್ಟದಿದ್ದರೆ ಅದೇ ಕಾಯಿಲೆ ಅಂತಲ್ಲ, ಆದರೆ ಈ ವಯಸ್ಸಿನಲ್ಲೇ ಎಚ್ಚರವಾಗಬೇಕು, ಮುಂದೆ ಹೃದಯಕ್ಕೆ ತೊಂದರೆ ಬರುವ ಸಂಭವ ಹೆಚ್ಚು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಎದೆನೋವಿನಿಂದ ಹೋಗಿದ್ದರಂತೂ ತಡಮಾಡದೆ ಡಾಕ್ಟರಿಗೆ ತೋರಿಸಿ ಎಂದಳು. ಹುಲಿಯಾನ ಹೊಟ್ಟೆಯ ಮೇಲೆ ಅವನ ಎತ್ತರದ ಅರ್ಧದಾರ ತುದಿ ಮುಟ್ಟಲಿಲ್ಲ, ನಡುವೆ ಅಂಗೈಯಷ್ಟು ಜಾಗ ಉಳಿಯಿತು. ಕಿಟಕಿಯಲ್ಲಿ ಎಲ್ಲರ ಕಣ್ಣೂ ಒಮ್ಮೆ ದೇವಿಯ ಕಡೆ ತಿರುಗಿ ಬೇರೆ ಕಡೆ ಹೋಯಿತು. ಅವಳು ಬುಟ್ಟಿಯ ನೆವ ಹೇಳಿ ಮನೆಗೆ ಬಂದಳು.

ನಾಗು ಹಟ ಹಿಡಿದು ಗಂಡನನ್ನು ಕಾರವಾರಕ್ಕೆ ಕರೆದುಕೊಂಡು ಹೋದಳು. ರಕ್ತದ ಒತ್ತಡ ಆ ವಯಸ್ಸಿಗೆ ತೀರ ಹೆಚ್ಚು, ರಕ್ತದಲ್ಲಿ ಕೊಬ್ಬೂ ಇದೆ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಅನ್ನ ಅರ್ಧ ಮಾಡು, ಕರಿದದ್ದು ಬಿಡು, ಬೀಡಿ ಬಿಡು, ದಿನಾ ನಡೆ ಎಂದರು. ಅವತ್ತಿನಿಂದ ಬಡಿಸುವ ಸೌಟು ನಾಗುವಿನ ಕೈಗೆ ಹೋಯಿತು.  ಸೊಸೆ ಬಾವಿಗೆ ಹೋದಾಗ ದೇವಿ ಮಗನ ಬಾಯಿಗೆ ಒಂದು ವಡೆ ತುರುಕುತ್ತಿದ್ದಳು. ಇದರಲ್ಲಿ ಅವಳಿಗೆ ತಪ್ಪೇನೂ ಕಾಣಲಿಲ್ಲ, ಟೇಪು ಹಿಡಿದವಳಿಗೆ ತನ್ನ ಮಗನ ಹಸಿವು ಏನು ಗೊತ್ತು?

ನೂಲ ಹುಣ್ಣಿಮೆ ಬಂತು. ಹುಲಿಯಾ ಅಂಗಿ ಎತ್ತಿಕೊಂಡು ಅಮ್ಮನ ಮುಂದೆ ನಿಂತಾಗ ನಾಗು ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಅತ್ತೆ, ಈ ಸಲ ಆ ನಾಲ್ಕ್ ಬೆರಳು ಬಿಡೂದು ಬೇಡ. ಅಳತೆಗೆ ಸರಿಯಾಗೇ ಕಟ್ಟಿ. ದಾರ ಬಿಗಿ ಆದ್ರೆ ಬೋಟಲ್ಲಿ ಇವ್ರಿಗೇ ನೆನಪಾಗ್ತದೆ."

"ನನ್ ಮಗನ ನಡಕ್ಕೆ ಬಿಗಿದು ಕಟ್ಟೂಕೆ ನನ್ ಕೈ ಬರೂದಿಲ್ಲ," ಎಂದಳು ದೇವಿ. ಎಂದಿನಂತೆ ಸಡಿಲ ಬಿಟ್ಟೇ ಗಂಟು ಹಾಕಿದಳು. ಹುಲಿಯಾ ಇಬ್ಬರ ಮುಖವನ್ನೂ ನೋಡದೆ ಅಂಗಿ ಇಳಿಸಿಕೊಂಡ.

ಬೋಟುಗಳು ಕಡಲಿಗಿಳಿದವು. ಹುಲಿಯಾ ಬೈತಖೋಲಕ್ಕೆ ಹೋದ ಮೇಲೆ ಮನೆಯಲ್ಲಿ ಇಬ್ಬರು ಹೆಂಗಸರು, ಇಬ್ಬರಿಗೂ ಅವನದೇ ಚಿಂತೆ. ನಾಗು ಮಾತ್ರೆ ಮುಗಿಯುವ ದಿನ ಎಣಿಸುತ್ತಿದ್ದಳು. ಅವನು ಬಂದರಿಗೆ ಬಂದಾಗ ಅಂಗಡಿಯ ಫೋನಿಗೆ ಮಾಡುತ್ತಿದ್ದ ಕರೆಗಾಗಿ ಮಧ್ಯಾಹ್ನವೆಲ್ಲ ಆ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದಳು. ದೇವಿ ಸಾಯಂಕಾಲ ಮೀನು ಮಾರಿ ಬಂದು ದಂಡೆಗೆ ಹೋಗಿ ನಿಲ್ಲುತ್ತಿದ್ದಳು. ದೂರದಲ್ಲಿ ಕಾಣುವ ಬೋಟು ಯಾರದ್ದೆಂದು ಅಲ್ಲಿಂದ ತಿಳಿಯುವಂತಿರಲಿಲ್ಲ. ಆದರೂ ಅದರಲ್ಲಿ ಹುಲಿಯಾ ಇದ್ದಾನೆ ಎಂದುಕೊಳ್ಳುತ್ತಿದ್ದಳು, ಸ್ವಲ್ಪ ಹೊತ್ತಿಗೆ ಜಗದೀಶನೂ ಇದ್ದಾನೆ ಅನಿಸತೊಡಗುತ್ತಿತ್ತು. ಹುಲಿಯಾನಿಗೂ ಈ ವರ್ಷ ಇಪ್ಪತ್ತೇಳು ತುಂಬುತ್ತದೆ ಎಂಬುದು ಅವಳಿಗೆ ಮರೆತಿರಲಿಲ್ಲ. ಅದನ್ನು ಬಾಯಿಂದ ಆಡಲು ಹೆದರಿಕೆ.

ದೀಪಾವಳಿ ಹತ್ತಿರ ಬಂದಾಗ ಕೇರಿಯ ದತ್ತಾ ಬೈತಖೋಲಕ್ಕೆ ಹೊರಟಿದ್ದ. ದೇವಿ ಅವನ ಕೈಗೆ ಬಟ್ಟೆ ಸುತ್ತಿದ ದೊಡ್ಡ ಡಬ್ಬಿಯೊಂದನ್ನು ಕೊಡುವುದು ನಾಗುವಿನ ಕಣ್ಣಿಗೆ ಬಿತ್ತು. ಬಿಚ್ಚಿ ನೋಡಿದರೆ ಮೇಲೆ ಎಣ್ಣೆಯಲ್ಲಿ ಕರಿದ ಬಂಗಡೆ, ಕೆಳಗೆ ತುಪ್ಪದ ಉಂಡೆ. ಇದು ಮೊದಲನೆಯದೂ ಅಲ್ಲ, ದತ್ತಾ ಹೋದಾಗಲೆಲ್ಲ ಒಂದು ಡಬ್ಬಿ ಹೋಗುತ್ತಿತ್ತು ಎಂದು ಅವನೇ ಒಪ್ಪಿಕೊಂಡ. ನಾಗು ಸಿಡುಕಿನ ಹೆಣ್ಣಲ್ಲ. ಆದರೆ ಮೂರು ತಿಂಗಳಿನಿಂದ ನುಂಗಿಕೊಂಡ ಭಯವೆಲ್ಲ ಆ ಡಬ್ಬಿಯ ಮುಂದೆ ಒಡೆಯಿತು.

"ಭಾವನಿಗೆ ಹಾಕಿ ಹಾಕಿ ಕಳ್ಸಿದ್ರಿ," ಎಂದಳು. "ಇವ್ರನ್ನಾದ್ರೂ ನಂಗೆ ಉಳ್ಸಿ."

ದತ್ತಾ ಡಬ್ಬಿಯನ್ನು ಜಗಲಿಯ ಮೇಲಿಟ್ಟು ಬಂದ ದಾರಿ ಹಿಡಿದ. ಆಡಿದ ಮಾತು ನಾಗುವಿಗೇ ಕೇಳಿಸಿರಬೇಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಬೇರೆ ದಿನವಾಗಿದ್ದರೆ ದೇವಿ ಕೇರಿಯನ್ನೇ ಜಗಲಿಗೆ ಕರೆದು ಪಂಚಾಯಿತಿ ಮಾಡಿಸುತ್ತಿದ್ದಳು. ಅವತ್ತು ಡಬ್ಬಿ ಎತ್ತಿ ಒಳಗಿಟ್ಟು ಚಾಪೆ ಹಾಸಿಕೊಂಡಳು. ಸೊಸೆ ಕೆಟ್ಟವಳು ಎಂದುಕೊಂಡು ಮಲಗಲು ನೋಡಿದಳು, ಅದೂ ಆಗಲಿಲ್ಲ. ಶಾಲೆಯ ಕಿಟಕಿಯಲ್ಲಿ ನಿಂತ ದಿನದಿಂದ ತನ್ನೊಳಗೆ ಕೂತಿದ್ದ ಮಾತನ್ನೇ ನಾಗು ಹೊರಗೆ ಹಾಕಿದ್ದಳು. ನರ್ಸಬಾಯಿಯ ಅಳತೆ ಸುಳ್ಳಾದರೆ ಮಾತ್ರ ದೇವಿ ತಾಯಿಯಾಗಿ ಉಳಿಯುತ್ತಿದ್ದಳು. ಅದು ನಿಜವಾದರೆ ಅವಳು ಏನಾಗುತ್ತಾಳೆ? ಅದಕ್ಕೇ ಅಷ್ಟು ದಿನ ಅದನ್ನು ಸುಳ್ಳು ಮಾಡಲು ಡಬ್ಬಿಯ ಮೇಲೆ ಡಬ್ಬಿ ಕಳಿಸಿದ್ದಳು.

ಮರುದಿನ ಅವಳು ಪೇಟೆಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಕಪ್ಪು ನೂಲಿನ ಉಂಡೆ ತೆಗೆದುಕೊಂಡು ಜಗಲಿಯಲ್ಲಿ ಕೂತಳು. ಅವಳು ಟೇಪು ಹಿಡಿದವಳಲ್ಲ, ದಾರ ಅಳೆಯುವುದು ಮೊಳದಲ್ಲಿ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು, ಮತ್ತೊಂದು, ಆಮೇಲೆ ಒಂದು ಗೇಣು. ಜಗದೀಶನಿಗೆ ಕಟ್ಟಿದ ಕೊನೆಯ ಉಡದಾರ ಅಷ್ಟಿತ್ತು. ಎಷ್ಟೋ ವರ್ಷವಾದರೂ ಅವಳ ಕೈಗೆ ಅದು ಮರೆತಿರಲಿಲ್ಲ. ಅದರಿಂದ ಗಂಟಿನ ಪಾಲು ತೆಗೆದಳು, ತಾನು ಬಿಟ್ಟ ನಾಲ್ಕು ಬೆರಳನ್ನೂ ತೆಗೆದಳು. ಆಮೇಲೆ ನಾಗುವನ್ನು ಕರೆದು, ಶಿಬಿರದಲ್ಲಿ ಹುಲಿಯಾನ ಎತ್ತರ ಅಳೆದ ದಾರ ಇದೆಯೇ ಎಂದು ಕೇಳಿದಳು. ಅಣ್ಣತಮ್ಮಂದಿರು ಒಂದೇ ಎತ್ತರ, ಒಬ್ಬರ ಪ್ಯಾಂಟಿನ ಉದ್ದ ಇನ್ನೊಬ್ಬರಿಗೆ ಸರಿಹೋಗುತ್ತಿತ್ತು. ನಾಗು ದಾರ ತಂದು ಕೊಟ್ಟಳು, ಏನು ನಡೆದಿದೆಯೆಂದು ತಿಳಿದು ಅಲ್ಲೇ ಕುಕ್ಕರಿಸಿದಳು. ದೇವಿ ಅದನ್ನು ಅರ್ಧಕ್ಕೆ ಮಡಚಿ ಎರಡನ್ನೂ ನೆಲದ ಮೇಲೆ ಪಕ್ಕ ಪಕ್ಕದಲ್ಲಿ ಚಾಚಿದಳು. ಮಗನ ಹೊಟ್ಟೆಯ ದಾರ ತುಂಬ ಮುಂದೆ ಹೋಗಿ ನಿಂತಿತು.

"ಅಂವ ಕೇಳ್ತಿದ್ದ, ನಾ ಹಾಕ್ತಿದ್ದೆ," ಎಂದಳು ದೇವಿ. "ಹಸಿದವ್ನಿಗೆ ಇಲ್ಲ ಹೇಳೂದು ಹೆಂಗೆ ಅಂತ ನಂಗೆ ಯಾರೂ ಕಲ್ಸಿಲ್ಲ, ನಾಗು."

ನಾಗು ಅತ್ತೆಯ ಮೊಣಕಾಲು ಹಿಡಿದುಕೊಂಡು ಅತ್ತಳು. ತಾನು ಆಡಬಾರದ್ದು ಆಡಿದೆ ಎಂದಳು. ದಾರ ನೋಡಿ ಸಾವಿನ ಕಾರಣ ಹೇಳುವುದಕ್ಕೆ ಆಗುವುದಿಲ್ಲ, ನರ್ಸಬಾಯಿ ಕೂಡ ಹಾಗೆ ಹೇಳಲಿಲ್ಲ ಎಂದಳು. ಭಾವ ಬೀಡಿ ಸೇದುತ್ತಿದ್ದರು, ಬೋಟಿನ ಮೇಲೆ ನಿದ್ದೆ ಇರಲಿಲ್ಲ, ಎದೆ ನೋವು ಬಂದಾಗ ಸೋಡಾ ಕುಡಿಸಿದರು, ಯಾವುದರಿಂದ ಏನಾಯಿತು ಎಂದು ಯಾರಿಗೆ ಗೊತ್ತು? ಎಲ್ಲವೂ ನಿಜವೇ. ದೇವಿ ತಲೆಯಾಡಿಸಿದಳು, ಸೊಸೆಯ ತಲೆ ನೇವರಿಸಿದಳು, ಆದರೆ ಅವಳ ಕಣ್ಣು ನೆಲದ ಮೇಲಿನ ಆ ಎರಡು ದಾರ ಬಿಟ್ಟು ಕದಲಲಿಲ್ಲ. ಮಧ್ಯಾಹ್ನ ಬುಟ್ಟಿ ಎತ್ತಿಕೊಂಡು ಪೇಟೆಗೆ ಹೋದಳು. ಅಂದಿನಿಂದ ಡಬ್ಬಿ ಹೋಗಲಿಲ್ಲ.

ಆ ಚಳಿಗಾಲ, ಬೇಸಿಗೆ ಅವಳು ಕಳೆದದ್ದು ಹೇಗೆಂದು ಅವಳಿಗೇ ಗೊತ್ತು. ಫೋನು ಬಂದಾಗ ಮೊದಲೆಲ್ಲ ಉಂಡೆಯಾ ಎಂದು ಕೇಳುತ್ತಿದ್ದವಳು ಈಗ ಮಾತ್ರೆ ತಗೊಂಡೆಯಾ ಎಂದು ಕೇಳಲು ಕಲಿತಳು, ಕೇಳಿ ಮುಗಿದ ಮೇಲೆ ಮುಂದೆ ಏನು ಮಾತಾಡುವುದೆಂದು ತೋಚದೆ ನಾಗುವಿಗೆ ಕೊಟ್ಟುಬಿಡುತ್ತಿದ್ದಳು. ಮಗನ ಹತ್ತಿರ ಮಾತಾಡಲು ಅವಳಿಗೆ ಇದ್ದದ್ದು ಅನ್ನದ ಭಾಷೆ ಒಂದೇ. ಅದೂ ಹೋಯಿತು. ಒಂದು ಸಲ ಪೇಟೆಯಲ್ಲಿ ಕೈಕಾಲು ಸಣ್ಣ, ಹೊಟ್ಟೆ ಮುಂದಿರುವ ಹುಡುಗನೊಬ್ಬ ತಾರ್ಲೆ ಕೊಳ್ಳಲು ಬಂದ. ನಿಂಗೆ ವಯಸ್ಸೆಷ್ಟು, ಡಾಕ್ಟರಿಗೆ ತೋರಿಸಿದೆಯಾ ಎಂದು ಅವಳು ಕೇಳಿದ ರೀತಿಗೆ ಅವನು ಬೆದರಿ ಮೀನು ಬಿಟ್ಟೇ ಹೋದ. ಪಕ್ಕದ ಹೆಂಗಸರು ದೇವಿಗೆ ಭ್ರಮೆ ಹಿಡಿಯಿತು ಎಂದು ನಕ್ಕರು.

ಜೂನ್ ತಿಂಗಳಲ್ಲಿ ಬೋಟುಗಳು ದಡ ಹತ್ತಿದವು. ಹುಲಿಯಾ ಮಳೆಯಲ್ಲಿ ತೊಯ್ದುಕೊಂಡೇ ಬಸ್ಸಿಳಿದು ಬಂದ. ಮುಖ ಸ್ವಲ್ಪ ಇಳಿದಿತ್ತು, ಅಂಗಿ ಬದಲಿಸುವಾಗ ನೋಡಿದರೆ ಉಡದಾರ ಸೊಂಟದಿಂದ ಕೆಳಗೆ ಜಾರಿ ನಿಂತಿತ್ತು. ನಾಗುವಿನ ಮುಖ ದೀಪ ಹಚ್ಚಿದಂತಾಯಿತು. ದೇವಿಗೆ ಮಾತ್ರ ಒಂದೇ ಹೊತ್ತಿಗೆ ಎರಡೂ ಆಯಿತು. ಮಗ ಉಳಿಯುತ್ತಾನೆ ಎಂಬ ಸಂತೋಷ, ಮಗ ಬಡವಾದ ಎಂಬ ಸಂಕಟ. ಅಷ್ಟು ವರ್ಷದ ಅಭ್ಯಾಸ ಒಂದು ವರ್ಷದಲ್ಲಿ ಎಲ್ಲಿ ಹೋಗುತ್ತದೆ?

ಮಧ್ಯಾಹ್ನದ ಊಟಕ್ಕೆ ಅವಳೇ ಬಡಿಸುತ್ತೇನೆ ಎಂದಳು. ನಾಗು ಒಂದು ಗಳಿಗೆ ತಡೆದು ಸೌಟು ಕೊಟ್ಟಳು. ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ಬಂಗಡೆ, ಬಸಳೆ ಸಾರು, ಅಳತೆಯ ಅನ್ನ. ಅಡಿಗೆಮನೆಯಲ್ಲಿ ನಾಗು ಅತ್ತೆಯ ಹಳೆಯ ಲೆಕ್ಕದಲ್ಲೇ ಅಕ್ಕಿ ಹಾಕಿದ್ದಳು, ಹಬ್ಬದಂಥ ದಿನವೆಂದು. ಪಾತ್ರೆ ಅರ್ಧಕ್ಕೂ ಹೆಚ್ಚು ತುಂಬಿತ್ತು. ಹುಲಿಯಾ ತಲೆ ಎತ್ತದೆ ಉಂಡ. ಎಷ್ಟೋ ತಿಂಗಳಿನಿಂದ ಬೋಟಿನ ಅಡಿಗೆ ಉಂಡವನು, ಮೀನಿನ ಮುಳ್ಳು ಕೂಡ ಚೀಪಿದ. ಆಮೇಲೆ, ಯಾಕೆ ಹಾಗೆ ಮಾಡಿದನೋ, ಅವನು ಎಂದೂ ಹಾಗೆ ಮಾಡಿದವನಲ್ಲ, ಎರಡೂ ಕೈಯಿಂದ ತಟ್ಟೆಯನ್ನು ಮುಂದೆ ನೂಕಿದ.

"ಆಯೀ, ಇನ್ನೊಂದ್ ಚೂರು."

ದೇವಿಯ ಕೈ ಸೌಟಿನ ಸಮೇತ ಪಾತ್ರೆಯೊಳಗೆ ಹೋಗಿತ್ತು. ದನಿಯೂ ಅವನದೇ, ಜಗದೀಶನದೇ. ಎಂಟು ವರ್ಷ ಕಾದ ದನಿ. ಅವಳ ಮೈಯೆಲ್ಲ ಹಾಕು, ಹಾಕು ಎನ್ನುತ್ತಿತ್ತು. ಸೌಟಿನಲ್ಲಿ ಅನ್ನ ತುಂಬಿತ್ತು, ಎತ್ತಿದರೆ ಸಾಕಿತ್ತು. ಅವಳು ಸೌಟನ್ನು ಅಲ್ಲೇ ಬಿಟ್ಟು ಪಾತ್ರೆಯ ಬಾಯಿಗೆ ಮುಚ್ಚಳ ಎಳೆದು, ಅದರ ಮೇಲೆ ಅಂಗೈ ಒತ್ತಿ ಹಿಡಿದಳು.

"ಮುಗೀತು ಮಗಾ," ಎಂದಳು.

ಹುಲಿಯಾ ಇರಲಿ ಬಿಡು ಎಂದು ತಟ್ಟೆಗೇ ನೀರು ಹಾಕಿಕೊಂಡು ಎದ್ದ. ಸುಳ್ಳು ಎಂದು ಅವನಿಗೆ ಗೊತ್ತಾಯಿತೋ ಇಲ್ಲವೋ, ಹಿಂದಿನ ಬಾಗಿಲಲ್ಲಿ ಕೈ ತೊಳೆದು, ಊಟವಾದ ಮೇಲೆ ನಡೆಯಬೇಕೆಂದು ಡಾಕ್ಟರು ಹೇಳಿದ್ದಾರೆ ಎಂದು ಕೊಡೆ ಹಿಡಿದುಕೊಂಡು ದಂಡೆಯ ಕಡೆ ಹೋದ. ದೇವಿ ಕೂತಲ್ಲೇ ಕೂತಿದ್ದಳು. ಮುಚ್ಚಳದ ಮೇಲೆ ಕೈ ಇನ್ನೂ ಹಾಗೇ ಇತ್ತು, ಬಿಸಿಗೆ ಅಂಗೈ ಕೆಂಪಾಗಿತ್ತು. ನಾಗು ಬಂದು ಆ ಕೈಯನ್ನು ಎತ್ತಿ ತನ್ನ ಸೆರಗಿನಲ್ಲಿ ಹಿಡಿದುಕೊಂಡಳು.

"ಜಗದೀಶನಿಗೂ ಒಂದ್ಸಲ ಹಿಂಗೆ ಹೇಳೂಕೆ ಬರ್ಬೇಕಾಗಿತ್ತು," ಎಂದಳು ದೇವಿ.

ಹೊರಗೆ ಮಳೆ ಸಣ್ಣಗೆ ಹಿಡಿದಿತ್ತು. ಅವಳು ಕೈ ಬಿಡಿಸಿಕೊಂಡು, ಮಗ ಹೋದ ದಾರಿ ಕಾಣುವಂತೆ ಜಗಲಿಗೆ ಬಂದು ಕೂತಳು.